ನಾನು ಮುಟ್ಟಿಸದ ಮಾತು

ಧಾರವಾಡದ ಮಾಳಮಡ್ಡಿಯ ನಮ್ಮ ಬಾಡಿಗೆ ಮನೆಯಲ್ಲಿ ಪಡಸಾಲೆಯಿಂದ ಅಡಿಗೆಮನೆಗೆ ಹದಿನಾಲ್ಕು ಹೆಜ್ಜೆ. ನನಗೆ ಒಂಬತ್ತು ವರ್ಷವಾಗಿದ್ದಾಗ ದಿನಕ್ಕೆ ಹತ್ತು ಹನ್ನೆರಡು ಸಲ ಆ ಹೆಜ್ಜೆ ಹಾಕುತ್ತಿದ್ದೆ. ಪಡಸಾಲೆಯಲ್ಲಿ ಅಪ್ಪ ಇರುತ್ತಿದ್ದರು, ಅಡಿಗೆಮನೆಯಲ್ಲಿ ಅವ್ವ ಇರುತ್ತಿದ್ದಳು, ಅವರಿಬ್ಬರ ನಡುವೆ ಮಾತು ನಿಂತುಹೋಗಿತ್ತು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ನನ್ನ ಮೂಲಕ ಹೇಳುತ್ತಿದ್ದರು. ನಡುಮನೆಯಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಗೋಡೆಗೆ ಬೆನ್ನು ಕೊಟ್ಟು ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಜೋಳ ಹತ್ತಿರದ ಹೆಬ್ಬಳ್ಳಿ ಎಂಬ ಹಳ್ಳಿಯ ಅವಳ ತವರಿನಿಂದ ಬರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿದಳೆಂದರೆ ಮಧ್ಯಾಹ್ನದವರೆಗೆ ಅವಳು ಅದೇ ಜಾಗದಲ್ಲಿ. ಆ ಕಡೆಯಿಂದ ಹೊರಟ ಮಾತೂ ಈ ಕಡೆಯಿಂದ ಹೊರಟ ಮಾತೂ ಅವಳನ್ನು ದಾಟಿಯೇ ಹೋಗಬೇಕಾಗಿತ್ತು.

ಅಪ್ಪ ಹುಬ್ಬಳ್ಳಿಯ ಒಂದು ಹತ್ತಿ ಅಂಗಡಿಯಲ್ಲಿ ಹತ್ತಿಯ ದರ್ಜೆ ನೋಡುವ ಕೆಲಸದಲ್ಲಿದ್ದರು. ಒಂದು ಚಿಟಿಕೆ ಹತ್ತಿಯನ್ನು ಎರಡು ಕೈಯ ಹೆಬ್ಬೆರಳುಗಳ ನಡುವೆ ಎಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಹೇಳಿಬಿಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬಿನ ಮೇಲೂ ಒಂದೆರಡು ಎಳೆ ಇರುತ್ತಿದ್ದವು. ಅವ್ವ ಧಾರವಾಡದ ಸರಕಾರಿ ಆಫೀಸೊಂದರಲ್ಲಿ ಟೈಪಿಸ್ಟ್. ದಿನಾ ಬಸ್ಸಿನಲ್ಲಿ ಓಡಾಡಿ ಬೇಸತ್ತ ಅಪ್ಪ ಹುಬ್ಬಳ್ಳಿಗೆ ಮನೆ ಬದಲಿಸೋಣ ಎಂದರು. ನನ್ನ ಆಫೀಸು ಇಲ್ಲಿದೆ, ನಾನೇಕೆ ಓಡಾಡಲಿ ಎಂದು ಅವ್ವ ಕೇಳಿದಳು. ಜಗಳ ಸುರುವಾದದ್ದು ಅಲ್ಲಿಂದ. ಆಮೇಲೆ ಅದಕ್ಕೆ ಇಂಥದೇ ಕಾರಣ ಬೇಕು ಎಂದೇನೂ ಉಳಿಯಲಿಲ್ಲ. ಚಹಾ ಆರಿದ್ದು, ಬಾಗಿಲು ತೆರೆಯಲು ತಡವಾದದ್ದು, ಅವ್ವನ ಆಫೀಸಿನವರು ಯಾರೋ ಮನೆಗೆ ಬಂದದ್ದು, ಯಾವುದಾದರೂ ಸಾಕಾಗುತ್ತಿತ್ತು. ಅಪ್ಪ ಕೂಗಾಡುತ್ತಿದ್ದರು. ಅವ್ವ ಕೂಗಾಡುತ್ತಿರಲಿಲ್ಲ, ಆದರೆ ಅವಳು ಮೌನ ಹಿಡಿದರೆ ಎರಡೆರಡು ವಾರ ಬಿಡುತ್ತಿರಲಿಲ್ಲ. ಯಾವುದು ಹೆಚ್ಚು ಕೆಟ್ಟದ್ದು ಎಂದು ಆಗಲೂ ನನಗೆ ಹೇಳಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಮಾತು ಒಯ್ಯುವ ಕೆಲಸವನ್ನು ನಾನು ಬೇಗ ಕಲಿತೆ. ಕೊಟ್ಟ ಮಾತನ್ನು ಹಾಗೆಯೇ ಒಯ್ದರೆ ಏನಾಗುತ್ತದೆ ಎಂಬುದನ್ನು ಅದಕ್ಕಿಂತ ಬೇಗ ಕಲಿತೆ. ಅವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳುತ್ತಿದ್ದಳು:

"ನಿಮ್ಮಪ್ಪಗ ಹೇಳು, ಉಣ್ಣೂದಿದ್ರ ಈಗ ಬಂದು ಉಣ್ಣಲಿ, ಇಲ್ಲಂದ್ರ ಬಿಡಲಿ ಅಂತ."

ನಾನು ಪಡಸಾಲೆಗೆ ಹೋಗಿ ಹೇಳುತ್ತಿದ್ದೆ:

"ಅಪ್ಪಾ, ರೊಟ್ಟಿ ಬಿಸಿ ಅದಾವಂತ. ಲಗೂ ಬರಬೇಕಂತ."

ಅಪ್ಪ ಹೇಳಿದ ಮಾತಿಗೂ ಇದೇ ಗತಿ. "ನಿಮ್ಮವ್ವಗ ಹೇಳು, ನನ್ನ ಅಂಗಿ ಮುಟ್ಟಬ್ಯಾಡಂತ" ಎಂದರೆ, "ಅವ್ವಾ, ಅಂಗಿ ನೀ ಒಗೀಬ್ಯಾಡಂತ, ನಿನಗ ತ್ರಾಸ ಆಗತೈತಂತ" ಎಂದು ಅಡಿಗೆಮನೆಗೆ ಮುಟ್ಟುತ್ತಿತ್ತು. ಅವರು ಇದನ್ನು ನಂಬುತ್ತಿದ್ದರೋ ಇಲ್ಲವೋ. ನಂಬಿದಂತೆ ಇರುವುದು ಇಬ್ಬರಿಗೂ ಅನುಕೂಲವಾಗಿತ್ತು ಎಂದು ಈಗ ಅನ್ನಿಸುತ್ತದೆ. ಒಮ್ಮೆ ಅಜ್ಜಿ ನನ್ನ ಲಂಗದ ಅಂಚು ಹಿಡಿದು ನಿಲ್ಲಿಸಿದಳು.

"ಅಲ್ಲ ಗಿರಿಜವ್ವಾ, ಅಲ್ಲಿಂದ ಹೊಂಟ ಮಾತು ಒಂದು, ಇಲ್ಲಿ ಬಂದ ಮಾತು ಇನ್ನೊಂದು. ನಡುವ ಯಾರು ತಿದ್ದಾಕತ್ತಾರು?"

"ಯಾರೂ ಇಲ್ಲಬೇ."

"ಹೌದಲ್ಲ. ಹೋಗು, ಅಪ್ಪಗ ನೀರ ಕೊಡು."

ಒಂದು ರವಿವಾರ ಬೆಳಿಗ್ಗೆ ನಾನು ತಿದ್ದಲಾಗದ ಜಗಳ ನಡೆಯಿತು. ಅವ್ವ ಸ್ವತಃ ಪಡಸಾಲೆಗೆ ಬಂದು ತಾಟು ಇಟ್ಟಳು, ಅಪ್ಪ ಏನೋ ಅಂದರು, ಅವ್ವ ಉತ್ತರ ಕೊಟ್ಟಳು. ತಾಟು ಗೋಡೆಗೆ ಬಡಿಯಿತು. ತಾಟಿನಲ್ಲಿದ್ದ ಝುಣಕ, ಕಡಲೆಹಿಟ್ಟಿನ ಪಲ್ಯ, ಸುಣ್ಣದ ಗೋಡೆಯ ಮೇಲೆ ಹಳದಿಯಾಗಿ ಇಳಿಯತೊಡಗಿತು. ಯಾರಿಗೂ ತಾಗಲಿಲ್ಲ, ಆದರೆ ನಾನು ಬಚ್ಚಲಿಗೆ ಓಡಿ ಹಂಡೆಯ ಹಿಂದೆ ಕೂತುಬಿಟ್ಟೆ. ಹೊರಗೆ ಬಂದಾಗ ಅಪ್ಪ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು. ತುಂಬಿ ಮುಗಿಸಿ ನಡುಮನೆಯ ಬಾಗಿಲಲ್ಲಿ ನಿಂತು ಅಜ್ಜಿಗೆ ಹೇಳಿದರು:

"ನಡಿಯವ್ವಾ. ಹುಬ್ಬಳ್ಳಿಗೆ ಹೋಗೂಣು."

ಅಜ್ಜಿ ಮೊರ ಕೆಳಗಿಟ್ಟಳು, ಆದರೆ ಏಳಲಿಲ್ಲ.

"ನಾ ಬರೂದಿಲ್ಲಪಾ."

"ಬರೂದಿಲ್ಲಂದ್ರ? ಸೊಸಿ ಮನ್ಯಾಗ ಇರತಿಯೇನು?"

"ನೀ ಹುಟ್ಟಿದಾಗಿಂದ ನಿನ್ನ ಜೋಡಿ ಇದ್ದೇನಿ, ಹನ್ನೊಂದು ವರ್ಷ ಅಕಿ ಜೋಡಿ ಇದ್ದೇನಿ. ಯಾರ ಜೋಡಿ ಬಾಳೇ ಮಾಡೂದು ಹಗುರ ಅಂತ ನನಗ ಗೊತ್ತಿಲ್ಲೇನು? ನೀ ಹೋಗಿ ಬಾ. ಸಿಟ್ಟು ಇಳದ ಮ್ಯಾಲೆ ಬಾ."

ಅಪ್ಪನ ಸಿಟ್ಟು ಇಳಿಯಲಿಲ್ಲ. ಎರಡು ತಿಂಗಳ ಮೇಲೆ ಅಂಚೆಯಲ್ಲಿ ಕೋರ್ಟಿನ ನೋಟೀಸು ಬಂತು. ಅವ್ವ ಅದನ್ನು ಓದಿ, ಮಡಚಿ, ದೇವರ ಜಗುಲಿಯ ಮೇಲೆ ಇಟ್ಟಳು. "ಸೋಡಚೀಟಿ ಕೇಳ್ಯಾನೇನು?" ಎಂದು ಅಜ್ಜಿ ಕೇಳಿದಳು, ವಿಚ್ಛೇದನಕ್ಕೆ ಅವಳ ಮಾತು ಅದು. ಅವ್ವ ಹೂಂ ಎಂದಳು. ಆಮೇಲೆ, "ಗಿರಿಜಾನ್ನೂ ಕೇಳ್ಯಾರ" ಎಂದಳು.

ಅವ್ವನ ವಕೀಲರು ಕೆಲಗೇರಿ ಕಡೆಯ ಒಬ್ಬ ವಯಸ್ಸಾದವರು, ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ನಾನು ಅಜ್ಜಿಯ ಬಳಿ ನಿಲ್ಲದೆ ಬೆನ್ನು ಹತ್ತುತ್ತಿದ್ದರಿಂದ ಅವ್ವ ನನ್ನನ್ನೂ ಕರೆದೊಯ್ಯುತ್ತಿದ್ದಳು. ನಾನು ಅವರನ್ನು ವಕೀಲ ಕಾಕಾ ಎನ್ನುತ್ತಿದ್ದೆ. ದೊಡ್ಡವರ ಮಾತು ಮುಗಿದ ಮೇಲೆ ಅವರು ಕನ್ನಡಕ ತೆಗೆದು ನನಗೂ ಒಂದಿಷ್ಟು ಹೇಳುತ್ತಿದ್ದರು. ನಾನು ಸಣ್ಣವಳೆಂದು ಅವರು ಸುಳ್ಳು ಹೇಳುತ್ತಿರಲಿಲ್ಲ.

"ನೋಡವಾ, ಕೋರ್ಟಿನ್ಯಾಗ ನಿಮ್ಮಪ್ಪನ ಹಕ್ಕು ಏನು, ನಿಮ್ಮವ್ವನ ಹಕ್ಕು ಏನು ಅಂತ ನಾವೆಲ್ಲಾ ಬಡಿದಾಡತೇವಿ. ಆದ್ರ ಜಡ್ಜ್ ಸಾಹೇಬ್ರು ಕಡೀಕ ನೋಡೂದು ಒಂದ. ಈ ಹುಡುಗಿ ಎಲ್ಲಿದ್ರ ಛಲೋ ಇರತಾಳ ಅಂತ. ನೀ ಯಾರ ಸಾಮಾನೂ ಅಲ್ಲ, ಹಂಚಿಕೊಳ್ಳಾಕ."

ಅಪ್ಪನ ಕಡೆಯ ಮುಖ್ಯ ವಾದ ಒಂದೇ ಆಗಿತ್ತು: ತಾಯಿ ದಿನವಿಡೀ ಆಫೀಸಿನಲ್ಲಿರುತ್ತಾಳೆ, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಅಪ್ಪನ ವಕೀಲರು ಇದನ್ನು ಬರೆದಾಗ ಅಜ್ಜಿಯ ವಿಷಯ ಅವರಿಗೆ ತಿಳಿದಿರಲಿಲ್ಲವೋ, ಅಥವಾ ಸ್ವಂತ ಮಗನ ವಿರುದ್ಧ ಮುದುಕಿ ಕೋರ್ಟಿಗೆ ಬರಲಾರಳು ಎಂದುಕೊಂಡರೋ ಗೊತ್ತಿಲ್ಲ. ಅಜ್ಜಿ ಬಂದಳು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ನನ್ನ ಕೈ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದಳು. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗೆ ನಡೆದದ್ದನ್ನು ಅವ್ವ ಆಮೇಲೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಕಂಡಂತೆ ನೆನಪಿದೆ.

"ಅಜ್ಜೀ, ನಿಮಗ ನಿಮ್ಮ ಮಗ ಬ್ಯಾಡಾದ್ನೇನ್ರಿ?" ಎಂದು ಅಪ್ಪನ ವಕೀಲರು ಕೇಳಿದರಂತೆ.

"ಮಗ ಬ್ಯಾಡ ಅಂತ ಯಾರಂದ್ರು? ಅಂವಾ ಬಂದ್ರ ರೊಟ್ಟಿ ಹಾಕತೇನಿ. ಕೂಸಿನ್ನ ಒಯ್ಯಾಕ ಬಂದ್ರ ಕೊಡೂದಿಲ್ಲ."

"ಮನ್ಯಾಗ ಮಗುನ್ನ ನೋಡಕೊಳ್ಳಾಕ ಯಾರೂ ಇಲ್ಲಲ್ರಿ?"

"ಮತ್ತ ನಾ ಯಾರ್ರಿ? ಇಕಿ ತಲಿ ಬಾಚಾಂವ್ರು ಯಾರು, ಸಾಲಿಗೆ ಕಳಸಾಂವ್ರು ಯಾರು? ಅವನ್ನ ಬೆಳಿಸಿದ್ದೂ ನಾನ. ಅಂವಾ ತನ್ನ ಜೋಡಿ ಒಯ್ದ್ರ ಹುಬ್ಬಳ್ಳ್ಯಾಗ ಅಕಿಗೆ ಯಾರು ಅದಾರ್ರಿ?"

ಅಪ್ಪ ಆಗ ತಲೆ ತಗ್ಗಿಸಿದ್ದರಂತೆ. ಹೊರಗೆ ಬಂದವರು ನನ್ನ ಬೆಂಚಿನ ಮುಂದೆ ಒಂದು ಕ್ಷಣ ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ಅಜ್ಜಿ ಅವರನ್ನು ಕರೆದು, "ಉಂಡಿಯೇನು?" ಎಂದು ಕೇಳಿದಳು. ಅವರು ತಿರುಗಿ ನೋಡಲಿಲ್ಲ.

ಮುಂದಿನ ಸಲ ಜಡ್ಜರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅವ್ವ, ಅಪ್ಪ, ವಕೀಲರು ಯಾರೂ ಒಳಗೆ ಇರಲಿಲ್ಲ. ಹಿಂದಿನ ವಾರ ಹುಬ್ಬಳ್ಳಿಯಿಂದ ಬಂದಿದ್ದ ಅಪ್ಪ ಸಾಲೆಯ ಗೇಟಿನಲ್ಲಿ ನಿಂತು, "ಸಾಹೇಬ್ರು ಕೇಳಿದ್ರ ಅಪ್ಪನ ಜೋಡಿ ಅನ್ನು, ಹಾಂ?" ಎಂದಿದ್ದರು. ಅವ್ವ ಅಂದು ಬೆಳಿಗ್ಗೆ ರಿಬ್ಬನ್ ಕಟ್ಟುತ್ತ, "ಖರೇ ಏನು ಅನಸತೈತಿ ಅದನ್ನ ಹೇಳು, ಆದ್ರ ಅವ್ವನ್ನ ಮರೀಬ್ಯಾಡ" ಎಂದಿದ್ದಳು. ಜಡ್ಜರು ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. ಸಾಲೆಯ ಬಗ್ಗೆ, ಗೆಳತಿಯರ ಬಗ್ಗೆ ಕೇಳಿದ ಮೇಲೆ, "ನಿನಗೆ ಯಾರ ಜೊತೆ ಇರಬೇಕು ಅನ್ನಿಸುತ್ತದೆ?" ಎಂದರು. ನಾನು ರೂಢಿಯಂತೆ ಸುರು ಮಾಡಿದೆ:

"ಅಪ್ಪಾರು ಹೇಳ್ಯಾರ್ರಿ, ಅವರ ಜೋಡಿ ಇದ್ರ ಛಲೋ ಅಂತ. ಅವ್ವ ಹೇಳ್ಯಾಳ್ರಿ, ಅಪ್ಪನ್ನೂ ಮರೀಬಾರದಂತ."

"ಅದು ಅವರ ಮಾತಾಯ್ತಲ್ಲಮ್ಮ. ನಿನ್ನದು?"

ನನ್ನದು ಎಂಬ ಮಾತು ನನ್ನ ಬಳಿ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗುವುದು ಅಪ್ಪನದೋ ಅವ್ವನದೋ ಆಗಿರುತ್ತಿತ್ತು. ಮೇಜಿನ ಮೇಲಿನ ಕಾಗದಗಳ ಅಂಚು ಫ್ಯಾನಿನ ಗಾಳಿಗೆ ಎದ್ದು ಬೀಳುವುದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಅವರು ಅವಸರ ಮಾಡಲಿಲ್ಲ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ:

"ಅಜ್ಜಿ ಜೋಡಿ ಇರತೇನ್ರಿ."

ಜಡ್ಜರು ನಕ್ಕರು. ಅದು ಒಬ್ಬರನ್ನೂ ನೋಯಿಸದ ಉತ್ತರವಾಗಿತ್ತು, ಆದರೆ ಅಜ್ಜಿ ಇದ್ದದ್ದು ಅವ್ವನ ಮನೆಯಲ್ಲಿ. ಅಪ್ಪನ ವಕೀಲರಿಗೂ ಇದರ ಅರ್ಥ ತಿಳಿಯಿತು. ಮುಂದೆ ಜಗ್ಗಾಡುವುದರಲ್ಲಿ ಹುರುಳಿಲ್ಲವೆಂದು ಎರಡೂ ಕಡೆಯವರು ಕೂತು ಮಾತಾಡಿ, ಇಬ್ಬರೂ ಒಪ್ಪಿ ವಿಚ್ಛೇದನ ಕೇಳುವುದೆಂದು ಹೊಸದಾಗಿ ಅರ್ಜಿ ಬರೆದರು. ನಾನು ಅವ್ವನ ಬಳಿ ಇರುವುದು. ರವಿವಾರ ಬಿಟ್ಟು ರವಿವಾರ ಅಪ್ಪನ ಬಳಿ ಹೋಗುವುದು, ದೀಪಾವಳಿ ಮತ್ತು ಬೇಸಿಗೆ ರಜೆಯಲ್ಲಿ ಅರ್ಧರ್ಧ. ಆದರೆ ಅರ್ಜಿ ಕೊಟ್ಟ ದಿನವೇ ಕೆಲಸ ಮುಗಿಯುವುದಿಲ್ಲ, ಆರು ತಿಂಗಳು ಕಾಯಬೇಕು ಎಂದು ವಕೀಲ ಕಾಕಾ ಹೇಳಿದರು.

"ಯಾಕ್ರಿ ಕಾಕಾ?"

"ಸಿಟ್ಟಿನ್ಯಾಗ ಸಹಿ ಮಾಡಿದವ್ರು ಮನಸ್ಸು ಬದಲಸ್ತಾರೇನೋ ಅಂತ ಕಾನೂನು ಹಾದಿ ನೋಡತೈತಿ. ಆರ ತಿಂಗಳ ಮ್ಯಾಲೆ ಇಬ್ಬರೂ ಮತ್ತ ಬಂದು, ಹೌದ್ರಿ ಬ್ಯಾರೆ ಆಗತೇವಿ ಅಂದ್ರನ ಆತು. ಒಬ್ಬರು ಬ್ಯಾಡ ಅಂದ್ರೂ ಅಲ್ಲಿಗೆ ನಿಂತಿತು."

ಆ ಆರು ತಿಂಗಳು ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು. ಹೀಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ಖರೆಯೇ ಅದು. ಮನೆಯಲ್ಲಿ ಮೂವರು ಹೆಂಗಸರು. ಬೆಳಿಗ್ಗೆ ಅಜ್ಜಿಯ ಪೂಜೆಯ ಗಂಟೆ, ಅವ್ವನ ರೊಟ್ಟಿ ಬಡಿಯುವ ಸಪ್ಪಳ, ಇಷ್ಟೇ ಸದ್ದು. ಸಂಜೆ ಅವ್ವ ಆಫೀಸಿನಿಂದ ಬಂದವಳೇ ಕಾಲು ಚಾಚಿ ಕೂತು ಅಜ್ಜಿಯ ಜೊತೆ ಚುರುಮರಿ ತಿನ್ನುತ್ತ ನಗುತ್ತಿದ್ದಳು. ಅವ್ವ ಹಾಗೆ ನಗಬಲ್ಲಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ಮೊದಲ ಸಲ ಗೆಳತಿಯೊಬ್ಬಳನ್ನು ಮನೆಗೆ ಕರೆದೆ. ಅಲ್ಲಿಯವರೆಗೆ ಯಾವ ಹೊತ್ತಿಗೆ ಏನಾಗುತ್ತದೋ ಎಂದು ಯಾರನ್ನೂ ಕರೆದಿರಲಿಲ್ಲ. ಅವಳು ಬಂದಳು, ಕುಂಟಲಪಿ ಆಡಿದೆವು, ಅಜ್ಜಿ ಇಬ್ಬರಿಗೂ ಶೇಂಗಾದ ಹೋಳಿಗೆ ಕೊಟ್ಟಳು, ಏನೂ ಆಗಲಿಲ್ಲ.

ಅಪ್ಪನೂ ಆ ರವಿವಾರಗಳಲ್ಲಿ ಬೇರೆಯೇ ಮನುಷ್ಯರಾಗಿದ್ದರು. ಬೆಳಿಗ್ಗೆ ಬಂದು ನಮ್ಮ ಗೇಟಿನ ಹೊರಗೇ ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅವರ ಖೋಲಿಯ ಹತ್ತಿರದ ಖಾನಾವಳಿಯಲ್ಲಿ ಇಬ್ಬರೂ ಊಟ ಮಾಡುತ್ತಿದ್ದೆವು. ನನ್ನ ತಾಟಿಗೆ ತಮ್ಮ ತಾಟಿನ ಬದನೆಕಾಯಿ ಹಾಕಿ, ಹತ್ತಿಯ ಎಳೆ ಹೇಗೆ ನೋಡಬೇಕೆಂದು ಹೇಳಿಕೊಡುತ್ತಿದ್ದರು. ಧ್ವನಿ ಏರಿಸಿದ್ದು ಒಮ್ಮೆಯೂ ಇಲ್ಲ. ಸಂಜೆ ಬಿಟ್ಟುಹೋಗುವ ಮುಂಚೆ ಮಾತ್ರ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು:

"ನಿಮ್ಮವ್ವ ಏನರ ಹೇಳ್ಯಾಳೇನು?"

"ಇಲ್ರಿ ಅಪ್ಪಾ."

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ಶನಿವಾರ ಸಂಜೆ ಅವ್ವ ಹಿತ್ತಲಿನಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಹಿಂದಿನ ಸಲ ಅಪ್ಪ ಬಂದಾಗ ಗೇಟಿನಲ್ಲಿ ಅವರನ್ನು ಕಂಡಿದ್ದಳು. ಸೊರಗಿದ್ದಾರೆ ಎಂದು ಅಜ್ಜಿಗೆ ಹೇಳಿದ್ದು ನಾನು ಕೇಳಿಸಿಕೊಂಡಿದ್ದೆ. ನನ್ನ ಜಡೆ ಹೆಣೆಯುತ್ತಿದ್ದ ಕೈ ನಿಂತಿತು.

"ನಾಳೆ ನಿಮ್ಮಪ್ಪಗ ಒಂದು ಮಾತು ಹೇಳತಿಯೇನು?"

"ಏನು?"

"ಅವರು ಬಂದು ಕರದ್ರ, ನಾ ಒಲ್ಲೆ ಅನ್ನೂದಿಲ್ಲಂತ ಹೇಳು. ಹುಬ್ಬಳ್ಳಿಗೆ ಅಂದ್ರ ಹುಬ್ಬಳ್ಳಿಗೆ."

ಮರುದಿನ ಖಾನಾವಳಿಯಲ್ಲಿ ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ತಿದ್ದುವ ಅಗತ್ಯವೂ ಇರಲಿಲ್ಲ. ನಾನು ಅಷ್ಟು ವರ್ಷ ಒಯ್ದ ಮಾತುಗಳಲ್ಲಿ ಇದೊಂದೇ ಇದ್ದಂತೆಯೇ ಒಯ್ಯಬಹುದಾದದ್ದು. ಅಪ್ಪ ಮಜ್ಜಿಗೆ ಕುಡಿಯುತ್ತಿದ್ದರು. ನಾನು ಅವರ ಮುಖ ನೋಡಿದೆ, ಆ ಕ್ಷಣದಲ್ಲಿ ಅವರ ಮೇಲೆ ನನಗೆ ಬಹಳ ಪ್ರೀತಿ ಇತ್ತು. ಜೊತೆಗೇ ಗೋಡೆಯ ಮೇಲೆ ಇಳಿಯುತ್ತಿದ್ದ ಝುಣಕ ಕಂಡಿತು, ಹಂಡೆಯ ಹಿಂದಿನ ಕತ್ತಲು ಕಂಡಿತು. ಈ ಖಾನಾವಳಿಯ ಅಪ್ಪ ಮನೆಗೆ ಬಂದರೆ ಪಡಸಾಲೆಯ ಅಪ್ಪ ಆಗಿಬಿಡುತ್ತಾರೆ, ಚುರುಮರಿ ತಿನ್ನುವ ಅವ್ವ ಮತ್ತೆ ಅಡಿಗೆಮನೆಯ ಅವ್ವ ಆಗುತ್ತಾಳೆ ಎಂದು ನನಗೆ ಖಚಿತವಾಗಿ ತಿಳಿಯಿತು. ಸಂಜೆ ಗೇಟಿನಲ್ಲಿ ಅವರು ಎಂದಿನಂತೆ ಕೇಳಿದರು.

"ನಿಮ್ಮವ್ವ ಏನರ ಹೇಳ್ಯಾಳೇನು?"

"ಇಲ್ರಿ ಅಪ್ಪಾ. ಏನೂ ಹೇಳಿಲ್ಲ."

ಒಳಗೆ ಅವ್ವ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದಿದ್ದಳು.

"ಹೇಳಿದೇನು?"

"ಹೇಳಿದೆ."

"ಏನಂದ್ರು?"

"ಏನೂ ಅನ್ನಲಿಲ್ಲ."

ಅವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಒಲೆಯ ಮೇಲಿನ ಬೇಳೆ ಕಡೆಯತೊಡಗಿದಳು. ಆ ದಿನದ ನಂತರ ಅವಳು ನನ್ನ ಕೈಯಲ್ಲಿ ಅಪ್ಪನಿಗೆ ಯಾವ ಮಾತನ್ನೂ ಕಳಿಸಲಿಲ್ಲ. ಸಾಲೆಯ ಫೀ, ನನ್ನ ಜ್ವರ, ರಜೆಯ ದಿನ, ಎಲ್ಲವನ್ನೂ ತಾನೇ ಕಾರ್ಡು ಬರೆದು ಅಂಚೆಗೆ ಹಾಕುತ್ತಿದ್ದಳು. ಎರಡು ತಿಂಗಳ ಮೇಲೆ ಇಬ್ಬರೂ ಕೋರ್ಟಿಗೆ ಹೋದರು, ಕೇಳಿದ್ದಕ್ಕೆ ಹೌದು ಎಂದರು. ವಿಚ್ಛೇದನವಾಯಿತು. ಆ ದಿನ ನಾನು ಸಾಲೆಯಲ್ಲಿದ್ದೆ.

ಅಜ್ಜಿ ಕೊನೆಯವರೆಗೂ ಅವ್ವನ ಮನೆಯಲ್ಲೇ ಇದ್ದಳು. ಅವಳು ತೀರಿದಾಗ ಅಪ್ಪ ಬಂದು ಎಲ್ಲಾ ಮಾಡಿದರು, ಅವ್ವ ಬಂದವರಿಗೆ ಊಟ ಬಡಿಸಿದಳು, ಇಬ್ಬರೂ ಎದುರೆದುರು ನಾಲ್ಕು ಮಾತಾಡಿದರು. ಅಷ್ಟು ಹೊತ್ತಿಗೆ ಅಪ್ಪ ಮತ್ತೆ ಮದುವೆಯಾಗಿದ್ದರು. ಅವರ ಹೆಂಡತಿಯನ್ನು ನಾನು ಸಣ್ಣವ್ವ ಎನ್ನುತ್ತೇನೆ, ಒಳ್ಳೆಯ ಹೆಂಗಸು. ನಾನು ಓದಿದೆ, ಮಾಸ್ತರಿಕೆ ಹಿಡಿದೆ, ಮದುವೆಯಾದೆ. ಯಾರು ಏನು ಹೇಳಿದರೂ ಅದರ ಮೊನೆ ಮುರಿದು ಮುಂದಿನವರಿಗೆ ದಾಟಿಸುವ ಚಟ ಸ್ಟಾಫ್ ರೂಮಿನಲ್ಲೂ ಅತ್ತೆಯ ಮನೆಯಲ್ಲೂ ನನ್ನನ್ನು ಬಿಡಲಿಲ್ಲ. ಜನ ಅದನ್ನು ಒಳ್ಳೆಯ ಗುಣವೆಂದು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಆ ಒಂದು ರವಿವಾರ ನೆನಪಾಗುತ್ತಿತ್ತು. ಇಬ್ಬರು ದೊಡ್ಡವರ ಸಂಸಾರವನ್ನು ಹತ್ತು ವರ್ಷದ ನಾನು ಮುರಿದೆ ಎಂದೇ ನಾನು ಮೂವತ್ತು ವರ್ಷ ನಂಬಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ, ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ, ಅವಳಿಗೆ ಹೇಳಿಬಿಟ್ಟೆ. ಪೀಠಿಕೆ ಹಾಕಲಿಲ್ಲ. ಅವಳು ಕೈ ನಿಲ್ಲಿಸಲೂ ಇಲ್ಲ.

"ನೀ ಹೇಳಿಲ್ಲಂತ ನನಗ ಆವತ್ತ ಗೊತ್ತಾಗಿತ್ತು. ನಿನ್ನ ಮಾರಿ ನೋಡಿದ್ರ ಸಾಕಾಗಿತ್ತು."

"ಗೊತ್ತಿದ್ರ ಮತ್ತ ನೀನ ಹೇಳಬೇಕಿಲ್ಲ? ಒಂದು ಕಾರ್ಡ್ ಹಾಕಬೇಕಿಲ್ಲ?"

"ಹಾಕಬೇಕಂತನ ಬರ್ಯಾಕ ಕುಂತಿದ್ದೆ. ಆಮ್ಯಾಲೆ ವಿಚಾರ ಮಾಡಿದೆ. ಹತ್ತ ವರ್ಷದ ಹುಡುಗಿ, ಅಪ್ಪನ್ನ ಅಷ್ಟು ಹಚ್ಚಿಗೊಂಡ ಹುಡುಗಿ, ಅಪ್ಪ ಮನಿಗೆ ಬರೂದು ಬ್ಯಾಡಂತ ಸುಳ್ಳು ಹೇಳತೈತಿ. ಹಂಗಾದ್ರ ಆ ಮನಿ ಅದಕ್ಕ ಹ್ಯಾಂಗ ಇದ್ದಿರಬೇಕು? ನಾವಿಬ್ಬರೂ ಅದನ್ನ ನೋಡೇ ಇರಲಿಲ್ಲ. ಕಾರ್ಡ್ ಹರದು ಒಲ್ಯಾಗ ಹಾಕಿದೆ." ಅವಳು ಒಂದು ಹಿಡಿ ಸೊಪ್ಪು ಬುಟ್ಟಿಗೆ ಹಾಕಿದಳು. "ಅದು ನಿನ್ನ ತಪ್ಪಲ್ಲ. ಅಂಥಾ ಮಾತು ನಿನ್ನ ಬಾಯಾಗ ಇಟ್ಟದ್ದು ನನ್ನ ತಪ್ಪು."

ನಾನು ಅತ್ತೆ. ಅವಳು ಅಳಲು ಬಿಟ್ಟಳು. ಆಮೇಲೆ, "ನಿಮ್ಮಪ್ಪಗೂ ಹೇಳಿ ಬಾ. ನನ್ನ ಮಾತಂತ ಬ್ಯಾಡ, ನಿನ್ನ ಮಾತಂತ ಹೇಳು" ಎಂದಳು.

ಮುಂದಿನ ರವಿವಾರ ಹುಬ್ಬಳ್ಳಿಗೆ ಹೋದೆ. ಅಪ್ಪ ವರಾಂಡದಲ್ಲಿ ಪೇಪರು ಓದುತ್ತಿದ್ದರು, ಸಣ್ಣವ್ವ ಪಕ್ಕದ ಮನೆಗೆ ಹೋಗಿದ್ದಳು. ಅಪ್ಪನಿಗೆ ಈಗ ಕಿವಿ ಅಷ್ಟು ಕೇಳುವುದಿಲ್ಲ, ಹತ್ತಿರ ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು.

"ಅಕಿ ಏನಂದಿದ್ಲು? ಬರೋಬ್ಬರಿ ಹೇಳು."

"ಅವರು ಬಂದು ಕರದ್ರ ನಾ ಒಲ್ಲೆ ಅನ್ನೂದಿಲ್ಲ. ಹುಬ್ಬಳ್ಳಿಗೆ ಅಂದ್ರ ಹುಬ್ಬಳ್ಳಿಗೆ. ಹಂಗಂದಿದ್ಲು ಅಪ್ಪಾ."

"ಇನ್ನೊಮ್ಮೆ ಹೇಳು."

ಹೇಳಿದೆ. ಅವರು ರಸ್ತೆಯ ಕಡೆ ನೋಡುತ್ತ ಕೂತರು. ನಾನು ಅವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ.

"ನಾ ಬರತಿದ್ದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಬಂದು, ಎಂಟ ದಿನಕ್ಕ ಮತ್ತ ಜಗಳಾ ಸುರೂ ಮಾಡತಿದ್ದೆ. ಆದರೂ ಬರತಿದ್ದೆ."